ಸೈನ್ಯಕ್ಕೆ ಖರೀದಿ ಮಾಡುವುದೂ ಒಂದು ವಿದ್ಯೆ

ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಬಿಇಎಂಎಲ್ ಕಾರ್ಖಾನೆ ಇರುವುದು ನಿಮಗೆ ಗೊತ್ತು. 1964ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಂಪನಿ ಸೈನ್ಯಕ್ಕೂ ಭಾರಿ ವಾಹನಗಳನ್ನು ಮಾಡಿಕೊಡುತ್ತದೆ. ಮಾರುವವರು ಇವರಾದರೆ, ಸೈನ್ಯದ ಪರವಾಗಿ ಕೊಳ್ಳುವವರು ಆ ಕೆಲಸವನ್ನು ಹೇಗೆ ಕಲಿಯುತ್ತಾರೆ?

ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ ಕೊಳ್ಳುವವರು ಬಾಕ್ಸ್ ನೋಡಿ ಹರಾಜು ಕೂಗುತ್ತಾರೆ. ಬೆಳಿಗ್ಗೆ ಶುರುವಾದ ವ್ಯಾಪಾರ ಅಂದೇ ಮುಗಿಯುತ್ತದೆ. ಫಿರಂಗಿಯ ಖರೀದಿಗೆ ವರ್ಷಗಳೇ ಬೇಕು. ಮೊದಲು ಅದರ ಅಗತ್ಯ ತೀರ್ಮಾನವಾಗಬೇಕು. ನಂತರ ಟೆಂಡರ್, ತಾಂತ್ರಿಕ ಪರಿಶೀಲನೆ, ಬಯಲಿನಲ್ಲಿ ಪರೀಕ್ಷೆ. ಇವುಗಳಲ್ಲಿ ಪಾಸಾದವರ ಬೆಲೆಯನ್ನು ಮಾತ್ರ ತೆರೆದು ನೋಡುತ್ತಾರೆ. ಅವರಲ್ಲಿ ಕಡಿಮೆ ಬೆಲೆ ಹೇಳಿದವರು 'ಎಲ್-1'.

ಲೆಕ್ಕಶಾಸ್ತ್ರದಲ್ಲಿ ಓದುವ ಬಂಡವಾಳ ವೆಚ್ಚ, ಕಂದಾಯ ವೆಚ್ಚ ಇಲ್ಲಿಯೂ ಇವೆ. ಹೊಸ ಫಿರಂಗಿ, ವಿಮಾನಗಳಿಗೆ ಒಂದು ನಿಯಮ ಪುಸ್ತಕ. ಬಿಡಿಭಾಗ, ದುರಸ್ತಿಗಳಿಗೆ ಇನ್ನೊಂದು. ಮೊದಲನೆಯದು 2020ರಲ್ಲಿ ಹೊಸದಾಗಿ ಬಂತು.

ತಪ್ಪಿದರೆ ಏನಾಗುತ್ತದೆ? 1986ರಲ್ಲಿ ನಮ್ಮ ದೇಶ ಸ್ವೀಡನ್ನಿನ ಬೊಫೋರ್ಸ್ ಕಂಪನಿಯಿಂದ 400ಕ್ಕೂ ಹೆಚ್ಚು ಫಿರಂಗಿಗಳಿಗೆ ಒಪ್ಪಂದ ಮಾಡಿಕೊಂಡಿತು. 1987ರಲ್ಲಿ ಲಂಚದ ಆರೋಪ ಬಂತು. ಆದರೆ 1999ರ ಕಾರ್ಗಿಲ್ ಯುದ್ಧದಲ್ಲಿ ಅದೇ ಫಿರಂಗಿ ಚೆನ್ನಾಗಿ ಕೆಲಸ ಮಾಡಿತು. ಅಂದರೆ ವಸ್ತು ಒಳ್ಳೆಯದಾಗಿದ್ದರೂ ಕೊಂಡ ರೀತಿಯ ಮೇಲೆ ಅನುಮಾನ ಬಂದರೆ ಮುಂದಿನವರು ಸಹಿ ಹಾಕಲು ಹೆದರುತ್ತಾರೆ. ಆಮೇಲೆ ವಿದೇಶದಿಂದ ಹೊಸ 155 ಮಿ.ಮೀ. ಫಿರಂಗಿ ಸೈನ್ಯಕ್ಕೆ ಬಂದದ್ದು 2017ರಲ್ಲಿ. ಕಾದವನು ಗಡಿಯಲ್ಲಿದ್ದ ಸೈನಿಕ.

ಸೈನ್ಯದ ಅಧಿಕಾರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಆಗುತ್ತದೆ. ನಿನ್ನೆಯವರೆಗೆ ತುಕಡಿ ನಡೆಸಿದವರು ಇಂದು ಟೆಂಡರ್ ಫೈಲ್ ಮುಂದೆ ಕೂರುತ್ತಾರೆ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಮತ್ತೆ ವರ್ಗ. ಸಿಕಂದರಾಬಾದಿನ ರಕ್ಷಣಾ ನಿರ್ವಹಣಾ ಕಾಲೇಜಿನಂತಹ ಸಂಸ್ಥೆಗಳು ಮ್ಯಾನೇಜ್‌ಮೆಂಟ್ ಕಲಿಸುತ್ತವೆ. ಆದರೆ ತರಗತಿಯೊಂದೇ ಸಾಲದು. ಸಿ.ಎ. ಓದುವವರು ಪರೀಕ್ಷೆ ಪಾಸಾದರೂ ಅನುಭವಿ ಲೆಕ್ಕಪರಿಶೋಧಕರ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಲೇಬೇಕು. ಖರೀದಿ ಅಧಿಕಾರಿಗೂ ಅಂತಹ ಹಿರಿಯರೊಬ್ಬರು ಬೇಕು.

ಆ ಹಿರಿಯರು ಕಲಿಸಬೇಕಾದದ್ದು ಮೂರು. ಒಂದೇ ಕಂಪನಿಗೆ ಹೊಂದುವಂತೆ ಷರತ್ತು ಬರೆಯಬಾರದು. ಪ್ರತಿ ತೀರ್ಮಾನಕ್ಕೂ ಕಾರಣವನ್ನು ಫೈಲಿನಲ್ಲಿ ಬರೆಯಬೇಕು. ಮಾರುವವರಿಂದ ಉಡುಗೊರೆ ಬಂದರೆ ಬೇಡವೆಂದು ಹೇಳಿ, ಅದನ್ನೂ ಮೇಲಿನವರಿಗೆ ತಿಳಿಸಬೇಕು. ಕಾರಣ ಬರೆದಿಟ್ಟರೆ ಪ್ರಾಮಾಣಿಕ ಅಧಿಕಾರಿ ಹೆದರಬೇಕಾಗಿಲ್ಲ, ಹೊಸಬರಿಗೂ ಅದೇ ಪಾಠ.

ನಾಳೆ ನಮ್ಮಲ್ಲಿ ಕೆಲವರು ಅಂಗಡಿ, ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಬೇರೆಯವರ ಹಣದಿಂದ ಖರೀದಿ ಮಾಡುತ್ತೇವೆ. ಈ ಮೂರು ಮಾತು ಅಲ್ಲಿಗೂ ಸಲ್ಲುತ್ತವೆ.