ಮಣಿಭವನದ ಸಂದರ್ಶನ

ಮುಂಬಯಿಯ ಗಾಂವ್‌ದೇವಿ ಭಾಗದಲ್ಲಿ ಮಣಿಭವನವೆಂಬ ಮನೆಯಿದೆ. ಅದು ಗಾಂಧೀಜಿಯವರ ಸ್ನೇಹಿತರಾದ ರೇವಾಶಂಕರ ಜಗಜೀವನ ಝವೇರಿಯವರಿಗೆ ಸೇರಿತ್ತು. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ಅಲ್ಲಿ ತಂಗುತ್ತಿದ್ದರು. ಇಂದು ಅದು ಅವರ ಸ್ಮಾರಕ ಸಂಗ್ರಹಾಲಯವಾಗಿದೆ.

ಅರಮನೆಯ ವೈಭವವನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ನಿರಾಶೆಯಾದೀತು. ಗಾಂಧೀಜಿಯವರ ಕೋಣೆಯಲ್ಲಿ ಕಾಣುವುದು ನೆಲದ ಮೇಲಿನ ಹಾಸಿಗೆ, ಚರಕಗಳು, ತಗ್ಗಾದ ಮೇಜು ಮೊದಲಾದ ಕೆಲವೇ ವಸ್ತುಗಳು. ಆದುದರಿಂದ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಮನೆ ತೆರೆದಿರುವ ವೇಳೆಯನ್ನು ವಿಚಾರಿಸಿಕೊಂಡರಷ್ಟೇ ಸಾಲದು. ಅದರ ಚರಿತ್ರೆಯನ್ನೂ ಓದಿಕೊಂಡಿರಬೇಕು.

ಓದಿ ಬಂದವರಿಗೆ ಆ ಮೂಕವಸ್ತುಗಳು ಮಾತನಾಡುತ್ತವೆ. ಗಾಂಧೀಜಿ ಅಸ್ವಸ್ಥರಾಗಿದ್ದಾಗ ಇಲ್ಲಿನ ಕೋಣೆಯಲ್ಲಿ ಚರಕ ತಿರುಗತೊಡಗಿತು. ತಾವು ಗುಣಹೊಂದಲು ಅದರ ನಾದವೂ ನೆರವಾಯಿತೆಂದು ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ. 1932ರ ಜನವರಿ 4ರ ನಸುಕಿನಲ್ಲಿ ಪೊಲೀಸರು ಅವರನ್ನು ಬಂಧಿಸಿದುದು ಇದೇ ಮನೆಯ ತಾರಸಿಯಲ್ಲಿ.

ಕೆಳಗಿನ ಗ್ರಂಥಾಲಯ, ಮೇಲಿನ ಕೋಣೆ, ಗಾಂಧೀಜಿಯವರ ಜೀವನದ ಘಟನೆಗಳನ್ನು ತೋರುವ ಗೊಂಬೆಗಳ ದೃಶ್ಯಾವಳಿ, ಕೊನೆಗೆ ತಾರಸಿ ಎಂಬ ಕ್ರಮದಲ್ಲಿ ನೋಡುವುದು ಅನುಕೂಲ. ಅವಸರ ಸಲ್ಲದು; ಮೌನ ಅವಶ್ಯ.

ಇಷ್ಟು ಅಲ್ಪ ವಸ್ತುಗಳೊಡನೆ ಬಾಳಿದ ಒಬ್ಬ ಮನುಷ್ಯನಿಗೆ ಬಲಾಢ್ಯ ಸಾಮ್ರಾಜ್ಯವೊಂದು ಏಕೆ ಅಂಜಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಿರುಗಿದವರ ಪ್ರವಾಸ ಸಾರ್ಥಕ.