ತಡವಾಗಿಲ್ಲ, ಹೋಗಿ ಬನ್ನಿ

ಪ್ರಶ್ನೆ: ಭದ್ರಾವತಿ ನ್ಯೂಟೌನಿನಲ್ಲಿರುವ ನನ್ನ ಗೆಳತಿಯ ಯಜಮಾನರು ತೀರಿಕೊಂಡು ಹತ್ತು ದಿನವಾಯಿತು. ಅಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು. ಆ ದಿನ ಹೋಗಲಾಗಲಿಲ್ಲ. ಈಗ ಹೋದರೆ ಏನು ಮಾತಾಡಲಿ? ಎರಡು ತಿಂಗಳಲ್ಲಿ ನಮ್ಮ ಮಗಳ ಸೀಮಂತವಿದೆ. ಅವಳನ್ನು ಕರೆಯಲೋ ಬೇಡವೋ?
— ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ತಡವೇನೂ ಆಗಿಲ್ಲ. ಮೊದಲ ದಿನಗಳಲ್ಲಿ ಮನೆ ತುಂಬ ಜನ ಇರುತ್ತಾರೆ. ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಎನ್ನತೊಡಗುತ್ತದೆ. ಈಗೊಮ್ಮೆ ಹೋಗಿ, ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಹೋಗಿ.

ಮಾತಾಡಿಸಲು ಬಂದವರು ಸಾಮಾನ್ಯವಾಗಿ ವಿಚಾರಣೆಗೇ ಕೂರುತ್ತಾರೆ. "ಹೇಗಾಯ್ತು? ಮೊದಲೇ ತೋರಿಸಬಾರದಿತ್ತಾ? ಬೆಂಗಳೂರಿಗೆ ಕರ್ಕೊಂಡು ಹೋಗಿದ್ರೆ ಉಳೀತಿದ್ರೇನೋ!" ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ನಿಮ್ಮ ಗೆಳತಿ ಸೋತಿರುತ್ತಾರೆ, ತಪ್ಪು ತನ್ನದೇ ಎಂಬ ಕೊರಗು ಬೇರೆ ಹತ್ತಿಕೊಳ್ಳುತ್ತದೆ. "ಅಳಬೇಡ, ಮಕ್ಕಳ ಮುಖ ನೋಡು" ಎನ್ನುವುದೂ ಬೇಡ. ಪಕ್ಕದಲ್ಲಿ ಕೂತು "ಸುದ್ದಿ ಕೇಳಿ ತುಂಬ ಬೇಜಾರಾಯ್ತು ಕಣೇ" ಅಂದರೆ ಸಾಕು. ಅವರ ಯಜಮಾನರ ಬಗ್ಗೆ ನಿಮಗೆ ನೆನಪಿರುವ ಒಳ್ಳೆಯ ಮಾತೊಂದನ್ನು ಹೇಳಿ. ಹೊರಡುವಾಗ "ಹೋಗಿ ಬರ್ತೀನಿ" ಅನ್ನದೆ ಎದ್ದುಬರುವುದು ನಮ್ಮ ಕಡೆಯ ವಾಡಿಕೆ. ಹಿರಿಯರ ಮನಸ್ಸಿಗಾಗಿ ಅದನ್ನು ಪಾಲಿಸಿ, ವಾರದೊಳಗೆ ಫೋನ್ ಮಾಡಿ.

"ಏನಾದ್ರೂ ಬೇಕಿದ್ರೆ ಹೇಳು" ಅಂದರೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಆಗಿದೆಯೇ ವಿಚಾರಿಸಿ. ಪ್ರಮಾಣಪತ್ರದ ನಾಲ್ಕಾರು ಪ್ರತಿ ತೆಗೆಸಿಡಿ, ಬ್ಯಾಂಕಿಗೂ ಬೇಕು, ಪಿಂಚಣಿಗೂ ಬೇಕು. ಯಜಮಾನರಿಗೆ ನೌಕರರ ಪಿಂಚಣಿ ಯೋಜನೆಯ (ಇಪಿಎಸ್-95) ಪಿಂಚಣಿ ಬರುತ್ತಿದ್ದರೆ ಹೆಂಡತಿಗೂ ಪಿಂಚಣಿಯ ಹಕ್ಕಿದೆ. ಅದು ಸಾಮಾನ್ಯವಾಗಿ ಗಂಡನ ಪಿಂಚಣಿಯ ಅರ್ಧ, ತಿಂಗಳಿಗೆ ಕನಿಷ್ಠ 1,000 ರೂಪಾಯಿ. "ಸೋಮವಾರ ಬರ್ತೀನಿ, ಕಾಗದಪತ್ರ ತಗೊಂಡು ಒಟ್ಟಿಗೆ ಹೋಗಿ ಬರೋಣ" ಎಂದು ಆ ಫೋನಿನಲ್ಲೇ ದಿನ ಗೊತ್ತುಮಾಡಿ.

ಇನ್ನು ಸೀಮಂತದ ಮಾತು. ಗಂಡ ಸತ್ತವಳನ್ನು ಶುಭಕಾರ್ಯಕ್ಕೆ ಕರೆಯಬಾರದೆಂಬ ಹಳೆಯ ರೂಢಿಯೇ ನಿಮ್ಮನ್ನು ಅನುಮಾನಕ್ಕೆ ತಳ್ಳಿರಬೇಕು. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಬಾಲವಿಧವೆಯೊಬ್ಬಳ ಬದುಕನ್ನು 'ಫಣಿಯಮ್ಮ' ಕಾದಂಬರಿಯಾಗಿಸಿದರು. ಭದ್ರಾವತಿಯಲ್ಲೇ ಹುಟ್ಟಿದ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ವಿಧವೆಯರೇ ಅರ್ಚಕರಾಗಿ ಗರ್ಭಗುಡಿಯೊಳಗೆ ಪೂಜೆ ಮಾಡಿದರು. ಆದರೂ ಶುಭಕಾರ್ಯದ ಪಟ್ಟಿಯಿಂದ ಗಂಡ ಸತ್ತವಳ ಹೆಸರನ್ನು ಸದ್ದಿಲ್ಲದೆ ಬಿಡುವ ಮನೆಗಳು ನಮ್ಮ ಬೀದಿಗಳಲ್ಲಿ ಇನ್ನೂ ಇವೆ. ಸಾಂತ್ವನ ಹೇಳಿ ಬಂದವರೇ ಹೀಗೆ ಬಿಟ್ಟರೆ, ಆಡಿದ ಮಾತಿಗೆ ಬೆಲೆ ಉಳಿಯುವುದಿಲ್ಲ.

ನೀವೇ ಹೋಗಿ ಕರೆಯಿರಿ. ಬರುವುದು ಬಿಡುವುದು ಆಕೆಯ ಇಷ್ಟ. ಅದನ್ನು ಆಕೆಯ ಪರವಾಗಿ ನೀವು ತೀರ್ಮಾನಿಸಬೇಡಿ. ಬಂದರೆ ಎಲ್ಲರ ಸಾಲಿನಲ್ಲೇ ಕೂರಿಸಿ, ಮಗಳಿಗೆ ಆಕೆಯ ಕೈಯಿಂದಲೂ ಆಶೀರ್ವಾದ ಮಾಡಿಸಿ.