ಅಜ್ಜಿಯ ಮುಖಕ್ಕೆ ಎಣ್ಣೆಬಣ್ಣ

ಪ್ರಶ್ನೆ: ಪೆನ್ಸಿಲ್ಲಿನಲ್ಲಿ ಬರೆದರೆ ಅಜ್ಜಿಯ ಮುಖ ಥೇಟ್ ಅವರಂತೆಯೇ ಬರುತ್ತದೆ. ಎಣ್ಣೆಬಣ್ಣ ಹಚ್ಚಿದ ಕೂಡಲೇ ಹೋಲಿಕೆ ಹೋಗಿ ಎಲ್ಲ ರಾಡಿಯಾಗುತ್ತದೆ. ಏನು ಮಾಡಲಿ?
– ಓದುಗರು, ದೇವರಾಜ ಅರಸು ಬಡಾವಣೆ, ದಾವಣಗೆರೆ

ಉತ್ತರ: ಪೆನ್ಸಿಲ್ಲಿನಲ್ಲಿ ಹೋಲಿಕೆ ಬರುತ್ತದೆ ಎಂದಮೇಲೆ ಕಷ್ಟದ ಅರ್ಧ ನಿಮಗೆ ಆಗಲೇ ದಕ್ಕಿದೆ. ಪೆನ್ಸಿಲ್ ಹಿಡಿದಾಗ ನೀವು ಬೆಳಕು ನೆರಳನ್ನಷ್ಟೇ ನೋಡುತ್ತೀರಿ. ಬಣ್ಣ ಕೈಗೆ ಬಂದೊಡನೆ ತುಟಿ ಕೆಂಪು, ಕೂದಲು ಬಿಳಿ ಎಂದು ಅದರ ಹಿಂದೆ ಹೋಗುತ್ತೀರಿ, ನೆರಳು ಕೈತಪ್ಪುತ್ತದೆ. ಹೋಲಿಕೆ ಇರುವುದು ನೆರಳಿನಲ್ಲೇ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಲ್ದಂಕರರ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಬೆರಳಸಂದಿಯಿಂದ ಕೆಂಪಗೆ ಸೋರುವ ಬೆಳಕು ನೋಡಿ ಎಷ್ಟೋ ಜನ ಅದನ್ನು ಎಣ್ಣೆಬಣ್ಣದ್ದೆಂದೇ ತಿಳಿಯುತ್ತಾರೆ. ಅದು ಜಲವರ್ಣ! ಅಷ್ಟು ನೈಜವಾಗಿ ಕಾಣುವುದು ಬೆಳಕನ್ನು ಸರಿಯಾಗಿ ಕಂಡದ್ದರಿಂದ. ಅದೇ ಕಟ್ಟಡದಲ್ಲಿ ರವಿವರ್ಮನ ಎಣ್ಣೆಚಿತ್ರಗಳೂ ಇವೆ. ಒಮ್ಮೆ ಹೋಗಿ, ಹತ್ತಿರ ನಿಂತು ನೋಡಿ.

ಈಗ ಕೆಲಸಕ್ಕೆ ಬನ್ನಿ. ಬರ್ಂಟ್ ಅಂಬರ್ ಒಂದನ್ನೇ ಟರ್ಪೆಂಟೈನಿನಲ್ಲಿ ತೆಳುಮಾಡಿ ಇಡೀ ಮುಖ ಬರೆಯಿರಿ. ಬೆಳಕಿರುವ ಕಡೆ ಬಟ್ಟೆಯಿಂದ ಒರೆಸಿ. ಕಣ್ಣು ಕಿರಿದುಮಾಡಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ನೆರಳಿನ ಆಕಾರಗಳಷ್ಟೇ ಉಳಿಯುತ್ತವೆ, ಅವನ್ನೇ ಹಿಡಿಯಿರಿ. ಒಣಗಿದ ಮೇಲೆ ಬಿಳಿ, ಯೆಲ್ಲೋ ಆಕರ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ ಇಷ್ಟು ಸಾಕು. ಅಂಗಡಿಯಲ್ಲಿ ಸಿಗುವ ‘ಚರ್ಮದ ಬಣ್ಣ’ದ ಟ್ಯೂಬು ಬೇಡ, ಅದು ನಮ್ಮವರ ಮೈಬಣ್ಣವಲ್ಲ. ನೆರಳಿಗೆ ಕಪ್ಪಿನ ಬದಲು ಸಿಯೆನ್ನಾ, ನೀಲಿ ಬೆರೆಸಿ. ಬೆಳಕಿಗೆಂದು ಬರೀ ಬಿಳಿ ಸುರಿದರೆ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಕಿಟಕಿಯ ಬೆಳಕು ಬಿದ್ದ ಹಣೆಯ ಹೊಳಪಿನಲ್ಲಿ ಆಕಾಶದ ನೀಲಿಯ ಛಾಯೆ ಇರುತ್ತದೆ, ಗಮನಿಸಿ.

ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತಿರುಗುಮುರುಗಾದರೆ ಬಿರುಕು ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕಬೇಡಿ, ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ.

ಫೋಟೋ ನೋಡಿ ಬರೆಯುತ್ತಿದ್ದರೆ ಬಿಡಿ, ಮೊಬೈಲ್ ಕ್ಯಾಮೆರಾ ನೆರಳನ್ನು ಚಪ್ಪಟೆ ಮಾಡುತ್ತದೆ. ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿ, ಅವರಿಗೆ ಬೇಸರವಾಗುವ ಮುಂಚೆ ಎಬ್ಬಿಸಿ. ನಿಮ್ಮ ಊರಲ್ಲೇ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ; ಪೆನ್ಸಿಲ್ ಚಿತ್ರ, ಬಣ್ಣದ ಚಿತ್ರ ಎರಡನ್ನೂ ಒಯ್ದು ಅಲ್ಲಿನ ಮೇಷ್ಟ್ರುಗಳಿಗೆ ತೋರಿಸಿ. ಮೊದಲ ಚಿತ್ರವನ್ನು ಮಾತ್ರ ಒಂದೇ ಬಣ್ಣದಲ್ಲಿ ಪೂರ್ತಿ ಮುಗಿಸಿ, ಆಮೇಲೆ ಉಳಿದ ಟ್ಯೂಬುಗಳ ಮುಚ್ಚಳ ತೆಗೆಯಿರಿ.